ಗೋಡೆಯಾಚೆಯ ಎರಡನೇ ತಾಳ

ಟಕ್.

ಹಾಡಿಗಿಂತ ಮುಂಚೆ ಅದು ಬರುತ್ತಿತ್ತು. ಗೋಡೆಯ ಆಚೆ ಗ್ರಾಮಫೋನಿಗೆ ಕೀಲಿ ಕೊಡುವ ಗರಗರ, ಮುಳ್ಳು ತಟ್ಟೆಯ ಮೇಲೆ ಇಳಿದಾಗಿನ ಸರ್ರನೆಯ ಸದ್ದು, ಆಮೇಲೆ ಟಕ್, ಟಕ್, ಟಕ್. ಅದಾದ ಮೇಲೆ ಡ್ರಮ್ಮು, ಡ್ರಮ್ಮಿನ ಬೆನ್ನಿಗೆ ಹತ್ತು ಹನ್ನೆರಡು ಊದುವ ವಾದ್ಯಗಳು ಒಟ್ಟಿಗೆ, ಅವೆಲ್ಲದರ ತಲೆಯ ಮೇಲಿಂದ ಒಂದೇ ಒಂದು ಕ್ಲಾರಿನೆಟ್, ಮೆಟ್ಟಿಲಿನ ಕಟಕಟೆ ಮೇಲೆ ಜಾರಿಕೊಂಡು ಬರುವ ತುಂಟ ಹುಡುಗಿಯ ಹಾಗೆ.

ಈಗ ಮದ್ರಾಸಿನ ಅಡ್ಯಾರಿನ ಈ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಡ್ಡಾದಾಗ ಸೀಲಿಂಗ್ ಫ್ಯಾನು ಸುತ್ತಿಗೊಂದು ಸಲ ಟಕ್ ಅನ್ನುತ್ತದೆ. ಎಲೆಕ್ಟ್ರಿಷಿಯನ್ನನ್ನು ಎರಡು ಸಲ ಕರೆಸಿದೆ. ಸ್ಟೂಲ್ ಮೇಲೆ ನಿಂತು, ಕಿವಿಗೊಟ್ಟು ಕೇಳಿ, "ಸೌಂಡೇ ಇಲ್ಲೀಂಗಮ್ಮಾ" ಅಂದ. ಐ ನೋ. ಸದ್ದಿದ್ದರೆ ರಿಪೇರಿ ಮಾಡಿಸಿಬಿಡುತ್ತಿದ್ದೆನಲ್ಲ.

ನನಗೆ ಆಗ ಹದಿನೈದು. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕೆಲಸ. ಎಗ್ಮೋರ್ ಸ್ಟೇಷನ್ನಿನ ಹಿಂಭಾಗದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಎರಡೆರಡು ಮನೆಗೆ ಒಂದು ನಡುಗೋಡೆ. ನಮ್ಮ ಕಡೆ ಆ ಗೋಡೆಗೆ ತಾಗಿ ದೇವರ ಕೋಣೆ, ಅವರ ಕಡೆ ಅದೇ ಗೋಡೆಗೆ ಗ್ರಾಮಫೋನ್. ಇಂಜಿನಿಯರ್ ದೊರೆ ನಕ್ಷೆ ಬರೆಯುವಾಗ ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ.

ದೇವರ ಕೋಣೆ ನಮ್ಮ ಸೋದರತ್ತೆಯದು. ಅಪ್ಪನ ಅಕ್ಕ. ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ತಲೆ ಬೋಳು, ಕೆಂಪು ಸೀರೆ. ನಾನು ನೋಡುವ ಹೊತ್ತಿಗೆ ಐವತ್ತರ ಹತ್ತಿರ ಇದ್ದರು. ಬೆಳಗ್ಗೆ ಮಡಿಯಲ್ಲಿ ಅಡುಗೆ, ಮಧ್ಯಾಹ್ನ ಎಲ್ಲರದೂ ಊಟ ಆದ ಮೇಲೆ ತಾವು ಒಂದು ಹೊತ್ತು ಉಂಡು ದೇವರ ಕೋಣೆಯಲ್ಲಿ ಜಪ. ಅವರ ಜಪ ಕೇಳಿದವರು ಯಾರೂ ಇಲ್ಲ. ನಾನು ಕೇಳಿದ್ದೆ. ಅದು ಜಪ ಅಲ್ಲ, ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಮದುವೆಗೆ ಮುಂಚೆ ಅಜ್ಜ ಅವರಿಗೆ ಸಂಗೀತ ಹೇಳಿಸಿದ್ದರಂತೆ. ವರ್ಣದವರೆಗೆ ಬಂದಿತ್ತು. ಆಮೇಲೆ ನಿಂತಿತು. ಹಬ್ಬದ ದಿನ ಮೆಲ್ಲಗೆ ಒಂದು ದೇವರನಾಮ ಹೇಳಿಕೊಳ್ಳಬಹುದು, ಅಷ್ಟೆ. ದನಿ ನಡುಮನೆ ದಾಟಬಾರದು. "ದನಿ ದಾಟ್ಬಾರ್ದು ಅಂದ್ರು, ಎಣಿಸ್ಬಾರ್ದು ಅಂತ ಯಾರೂ ಹೇಳಿಲ್ವಲ್ಲ" ಅನ್ನುತ್ತಿದ್ದರು ಅತ್ತೆ. ಮೂವತ್ತೈದು ವರ್ಷ ಎಣಿಸಿದ್ದೊಂದೇ ಅವರ ಕಚೇರಿ.

ಗೋಡೆಯಾಚೆ ಇದ್ದವರು ಡ್ರೈವರ್ ಅಂಕಲ್. ಆಂಗ್ಲೋ-ಇಂಡಿಯನ್, ಮೇಲ್ ಗಾಡಿ ಓಡಿಸುತ್ತಿದ್ದವರು. ಕೈತುಂಬ ಕಲ್ಲಿದ್ದಲಿನ ಸುಟ್ಟ ಗುರುತು, ಆ ಕೈಯಲ್ಲೇ ಕ್ಲಾರಿನೆಟ್. ಕ್ವಾರ್ಟರ್ಸಿನ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ರೈಲ್ವೆಯವರ ಕ್ಲಬ್ಬಿನಲ್ಲಿ, ಶನಿವಾರದ ಡ್ಯಾನ್ಸಿಗೆ ಅವರ ಬ್ಯಾಂಡು. ಆಗಲೇ ಅದು ಹಳೆಯ ಫ್ಯಾಷನ್. ನನ್ನ ಕ್ಲಾಸಿನ ಹುಡುಗಿಯರು ಗಿಟಾರ್ ಹುಡುಗರ ಫೋಟೊ ಅಟ್ಲಾಸಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದ ಕಾಲ. ಅಂಕಲ್ ಮಾತ್ರ ಯುದ್ಧದ ಕಾಲದಲ್ಲಿ ಮದ್ರಾಸಿಗೆ ಬಂದಿದ್ದ ಅಮೆರಿಕನ್ ಸೋಲ್ಜರುಗಳು ಬಿಟ್ಟು ಹೋದ ತಟ್ಟೆಗಳನ್ನೇ ತಿರುಗಿಸುತ್ತಿದ್ದರು. ಅದರಲ್ಲಿ ಒಂದಕ್ಕೆ ಅಂಚಿನಿಂದ ನಡುವಿನವರೆಗೆ ಕೂದಲಿನಷ್ಟು ಸಣ್ಣ ಬಿರುಕು. ಅವರಿಗೆ ಪ್ರಾಣ ಅದೇ.

ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂತ ಅವರಿಗೆ ನನ್ನ ಮೇಲೆ ಒಂದು ಥರ ಅಭಿಮಾನ. ಹಿತ್ತಿಲಿನ ಮೆಟ್ಟಿಲಲ್ಲಿ ಕೂತು, ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ಚೂರನ್ನು ಟೀ ಕಪ್ಪಿನಲ್ಲಿ ನೆನೆಹಾಕಿ, ಆ ಸಂಗೀತದ ಹುಟ್ಟು ಹೇಳುತ್ತಿದ್ದರು. ದೊಡ್ಡ ನದಿಯೊಂದು ಸಮುದ್ರ ಸೇರುವ ಕಡೆ ನ್ಯೂ ಆರ್ಲಿಯನ್ಸ್ ಅಂತ ಊರು. ಅಲ್ಲಿ ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಮಿಲಿಟರಿ ಬ್ಯಾಂಡಿನ ಹಳೇ ತುತ್ತೂರಿ ಹಿಡಿದುಕೊಂಡು ಬೀದಿಯಲ್ಲಿ ಊದಿದರು. ಐದಾರು ಜನ, ಒಬ್ಬೊಬ್ಬರದೂ ಒಂದೊಂದು ದಾರಿ, ಆದರೂ ಹಾಡು ಒಂದೇ. ಆಮೇಲೆ ಕೆಲಸ ಹುಡುಕಿಕೊಂಡು ಜನ ಉತ್ತರಕ್ಕೆ ಹೋದರು, ಹಾಡೂ ಹೋಯಿತು, ಶಿಕಾಗೋ, ನ್ಯೂಯಾರ್ಕ್. ಐದು ಜನ ಹದಿನೈದಾದರು, ಕೂತು ಊದುವುದಕ್ಕೆ ಕುರ್ಚಿ ಬಂತು, ಬರೆದ ನೋಟು ಬಂತು, ಎದುರಿಗೆ ಕುಣಿಯುವವರು ಬಂದರು. ಅದು ಸ್ವಿಂಗ್. "ಬೈ ಟ್ರೇನ್, ಚೈಲ್ಡ್" ಅನ್ನುತ್ತಿದ್ದರು ಅಂಕಲ್, "ಆಲ್ ಆಫ್ ಇಟ್ ವೆಂಟ್ ಬೈ ಟ್ರೇನ್." ಎಲ್ಲ ರೈಲಿನಲ್ಲೇ ಹೋದದ್ದು ಅನ್ನುವುದರಲ್ಲಿ ಅವರಿಗೆ ಸ್ವಂತ ಹೆಮ್ಮೆ.

ಕೇಳಿದ್ದನ್ನೆಲ್ಲ ನಾನು ಬಂದು ಅತ್ತೆಗೆ ಒಪ್ಪಿಸುತ್ತಿದ್ದೆ. ಆ ಊರಿನಲ್ಲಿ ಹೆಣ ಒಯ್ಯುವಾಗ ಬ್ಯಾಂಡಿನವರು ಅಳುವ ಹಾಗೆ ನಿಧಾನಕ್ಕೆ ಊದಿಕೊಂಡು ಹೋಗಿ, ಮಣ್ಣು ಮಾಡಿ ವಾಪಸ್ ಬರುವಾಗ ಕುಣಿದುಕೊಂಡು ಬರುತ್ತಾರಂತೆ ಅಂದೆ.

"ನಮ್ಮ ಮದ್ರಾಸಲ್ಲಿ ಹೋಗೋವಾಗ್ಲೇ ಕುಣೀತಾರಲ್ಲೇ" ಅಂದರು ಅತ್ತೆ. "ಹೋಗ್ಲಿ, ಎಲ್ಲೋ ಒಂದ್ಕಡೆ ಕುಣೀಬೇಕು. ನಾವು ಎರಡೂ ಕಡೆ ಕುಣಿಯಲ್ಲ, ಅದೇ ನಮ್ಮ ಕಷ್ಟ."

ಅತ್ತೆಗೆ ಆ ಸಂಗೀತ ಮೊದಮೊದಲು ಸಿಟ್ಟು ತರಿಸುತ್ತಿತ್ತು. "ಇವ್ನಿಗೆ ಸಮ ಗೊತ್ತಿಲ್ಲ. ತಾಳ ಬಿದ್ದ ಮೇಲೆ ನಿದ್ದೆಯಿಂದ ಎದ್ದೋನ ಹಾಗೆ ಬರ್ತಾನೆ." ಒಂದು ವಾರ ಕೇಳಿದರು. ಎರಡು ವಾರ ಕೇಳಿದರು. ಒಂದು ದಿನ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿ, "ತಡ ಅಲ್ಲ ಕಣೆ. ಬೇಕು ಅಂತ್ಲೇ ಬಿಡ್ತಾನೆ. ಇದು ಅನಾಗತ" ಅಂದರು. ತಾಳ ಮೊದಲು ಬಿದ್ದು, ಹಾಡು ಒಂದು ಚೂರು ಬಿಟ್ಟು ಎತ್ತಿಕೊಂಡರೆ ಅದಕ್ಕೆ ಅನಾಗತ ಅಂತ ಹೆಸರು. ಇನ್ನೂ ಬಾರದ್ದು. ಬರಲಿರುವುದು.

ಅದನ್ನು ನಾನು ಅಂಕಲ್ಲಿಗೆ ಹೇಳಿದೆ, ನೀವೆಲ್ಲ ಬೀಟ್ ಆದ ಮೇಲೆ ಬರುತ್ತೀರಂತೆ, ನಮ್ಮ ಅತ್ತೆ ಹೇಳಿದರು ಅಂತ. ಅವರು ಟೀ ಕಪ್ ಕೆಳಗಿಟ್ಟರು. "ಶೀ ಸೆಡ್ ದಟ್? ಗೋಡೆಯೊಳಗಿಂದ ಕೇಳಿಸಿಕೊಂಡು?" ನನ್ನ ಡ್ರಮ್ಮರಿಗೆ ಆರು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ, ತಲೆಗೆ ಹೋಗಿಲ್ಲ ಅಂದರು. ಅವತ್ತಿನಿಂದ ರಜೆಯ ದಿನ ಮೂರು ಗಂಟೆಗೆ ಸರಿಯಾಗಿ ಗ್ರಾಮಫೋನು, ಅದರ ಕೊಂಬಿನ ಬಾಯಿ ನಮ್ಮ ಗೋಡೆಯ ಕಡೆಗೆ. ಅಲ್ಲಿಯವರೆಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಇನ್ನು ಟಕ್‌ನ ವಿಷಯ.

ಒಂದು ಮಧ್ಯಾಹ್ನ ಅತ್ತೆ ನನ್ನ ಮೊಣಕೈ ಹಿಡಿದು ಗೋಡೆಯ ಹತ್ತಿರ ಎಳೆದರು. ಮಡಿಯಲ್ಲಿದ್ದಾರೆ ಅನ್ನುವುದೇ ಮರೆತುಹೋಗಿತ್ತು. "ಕೇಳು. ಕೆಳಗಡೆ ಒಂದು ತಾಳ ಇದೆಯಲ್ಲ, ನಾಲ್ಕು ನಾಲ್ಕು. ಅದರ ಮೇಲೆ ಇನ್ನೊಬ್ಬ ಯಾರೋ ಟಕ್ ಟಕ್ ಅಂತ ಬೇರೆ ತಾಳ ಹಿಡ್ದಿದಾನೆ. ಎಣಿಸು. ಅವ್ರು ನಾಲ್ಕು ಹೊಡೆಯೋದ್ರಲ್ಲಿ ಇವ್ನು ಮೂರು. ನಾಲ್ಕಕ್ಕೆ ಮೂರು! ಒಂದೊಂದ್ಸಲ ಜಾರುತ್ತೆ, ಬಿದ್ದೇ ಹೋದ ಅನ್ಕೋತೀನಿ, ಮತ್ತೆ ಬಂದು ಸಮಕ್ಕೆ ಕೂಡ್ತಾನೆ. ಎಂಥಾ ಲಯಜ್ಞಾನಿ ಇರ್ಬೇಕು ಕಣೆ ಅವ್ನು!"

ಅದು ಬಿರುಕು. ತಟ್ಟೆ ಒಂದು ಸುತ್ತು ಬಂದಾಗೊಮ್ಮೆ ಮುಳ್ಳು ಆ ಬಿರುಕನ್ನು ದಾಟುವ ಸದ್ದು. ನನಗೆ ಗೊತ್ತಿತ್ತು, ನಾನು ಅದರ ಮೇಲೆ ಬೆರಳಾಡಿಸಿ ನೋಡಿದ್ದೆ. ಹೇಳಬೇಕಿತ್ತು. ಅತ್ತೆಯ ಮುಖದಲ್ಲಿ ಬಣ್ಣ ಬಂದಿತ್ತು. ಹೇಗೆ ಹೇಳುವುದು?

ಮುಂದೆ ಅವರು ಅದನ್ನು ಅಭ್ಯಾಸ ಮಾಡಿದರು. ಎಡಗೈಯಲ್ಲಿ ನಾಲ್ಕು, ಬಲಗೈ ಹೆಬ್ಬೆರಳ ಉಗುರಿನಿಂದ ತೀರ್ಥದ ತಾಮ್ರದ ತಂಬಿಗೆಯ ಮೇಲೆ ಮೂರು. ಶುರುವಿನಲ್ಲಿ ತಪ್ಪಿ ತಮ್ಮ ತಲೆಗೆ ತಾವೇ ಮೊಟಕಿಕೊಳ್ಳುತ್ತಿದ್ದರು. ಒಂದು ತಿಂಗಳಿಗೆ ಬಂತು. ಎರಡು ತಿಂಗಳಿಗೆ ಗ್ರಾಮಫೋನು ಇಲ್ಲದೆಯೂ ಬಂತು. ಕೆಲವು ಸಲ ಆಚೆ ಮನೆಯವರು ಊರಲ್ಲೇ ಇರುತ್ತಿರಲಿಲ್ಲ, ದೇವರ ಕೋಣೆಯೊಳಗಿಂದ ಆ ಹಾಡು ಕೇಳುತ್ತಿತ್ತು: ಕ್ಲಾರಿನೆಟ್ ಇಲ್ಲ, ತುತ್ತೂರಿ ಇಲ್ಲ, ಬರೀ ಎಣಿಕೆ. ಹಾಡಿನ ಎಲುಬು.

ಅಷ್ಟರಲ್ಲಿ ಅಂಕಲ್ ಆಸ್ಟ್ರೇಲಿಯಾಕ್ಕೆ ಹೊರಟರು. ಆ ಸಾಲಿನಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಿದ್ದ ಕಾಲ ಅದು. ಕೊನೆಯ ಡ್ಯಾನ್ಸಿಗೆ ಮುಂಚೆ ಶನಿವಾರ ಮಧ್ಯಾಹ್ನ ರಿಹರ್ಸಲ್ ಅಂತ ನನಗೆ ಹೇಳಿದರು. ಅತ್ತೆಗೆ ಹೇಳಿದೆ. ಶುಕ್ರವಾರ ಸಂಜೆ ಅತ್ತೆ ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಆ ಎರಡನೇ ತಾಳದವನನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಅಂದರು.

ನಾನು ಹುಟ್ಟಿದಾಗಿನಿಂದ ಅವರು ನನ್ನನ್ನು ಕೇಳಿದ ಒಂದೇ ಒಂದು ವಸ್ತು ಅದು.

ಕರೆದುಕೊಂಡು ಹೋದದ್ದು ನಾನು. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ತಿರುವಲ್ಲಿಕ್ಕೇಣಿ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಅಂತ ಅಮ್ಮನಿಗೆ ಹೇಳಿದವಳು ನಾನು, ರಿಕ್ಷಾದವನಿಗೆ ಇನ್‌ಸ್ಟಿಟ್ಯೂಟಿನ ಹಿಂದಿನ ಗೇಟು ತೋರಿಸಿದವಳು ನಾನು. ಅತ್ತೆ ತುಲಸಿ ಹಾಕಿದ ತೀರ್ಥದ ತಂಬಿಗೆ ಹಿಡಿದುಕೊಂಡಿದ್ದರು, ಸುಳ್ಳಿಗೆ ಒಂದು ಸಾಕ್ಷಿ ಬೇಕಲ್ಲ.

ಒಳಗೆ ಬರುವುದಿಲ್ಲ ಅಂದರು. ವರಾಂಡದಲ್ಲಿ, ಹಸಿರು ಬಣ್ಣದ ಕಿಟಕಿಯ ಪಕ್ಕ ನಿಂತರು. ಒಳಗೆ ಮೇಣ ತಿಕ್ಕಿದ ಮರದ ನೆಲ, ಗೋಡೆಗೆ ಒರಗಿಸಿದ ಕುರ್ಚಿಗಳು, ಒಂಬತ್ತು ಜನ ಬರೀ ಬನಿಯನ್ನಿನಲ್ಲಿ. ಅಂಕಲ್ ಕಾಲು ತಟ್ಟಿದರು, ಶುರುವಾಯಿತು. ಅದೇ ಹಾಡು. ಗೋಡೆಯಿಲ್ಲದೆ ಅದು ಎಷ್ಟು ದೊಡ್ಡದಾಗಿತ್ತೆಂದರೆ ಅತ್ತೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ ಎರಡು ಹೆಜ್ಜೆ ಮುಂದಕ್ಕೆ ಬಂದರು. ಒಬ್ಬೊಬ್ಬರ ಕೈಯನ್ನೂ ನೋಡಿದರು, ಡ್ರಮ್ಮಿನವನ ಕೈ, ಪಿಯಾನೋದವನ ಕಾಲು.

"ಎಲ್ಲೇ ಅವನು?" ಅಂದರು ನನ್ನ ಕಿವಿಯಲ್ಲಿ. "ಅವ್ನು ಬಂದಿಲ್ವಾ ಇವತ್ತು?"

ನಾನು ಕಿಟಕಿಯ ಹಸಿರು ಬಣ್ಣವನ್ನು ಬೆರಳಿನಿಂದ ಕೆರೆದೆ.

"ಅಯ್ಯೋ, ಅವನಿಲ್ದೆ ಬೋಳಾಗಿದೆಯಲ್ಲೇ" ಅಂದರು. ಹಾಗಂದವರು, ಏನಾಯಿತೋ, ತಂಬಿಗೆ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು, ಉಗುರಿನಿಂದ ಟಕ್. ಟಕ್. ಟಕ್. ನಾಲ್ಕಕ್ಕೆ ಮೂರು.

ಮೊದಲು ತಿರುಗಿದ್ದು ಡ್ರಮ್ಮಿನವನು. ಅವನ ಕೈ ತಡವರಿಸಿತು. ಅಂಕಲ್ ಕ್ಲಾರಿನೆಟ್ ಬಾಯಿಂದ ತೆಗೆಯದೆಯೇ ಕಿಟಕಿ ಕಡೆ ನೋಡಿದರು: ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು, ಕಣ್ಣು ಮುಚ್ಚಿದ ಮುದುಕಿ, ತಾಮ್ರದ ತಂಬಿಗೆ. ಅವರಿಗೆ ಗೊತ್ತಾಯಿತು. ತಮ್ಮ ಬಿರುಕು ಅವರಿಗೆ ಗೊತ್ತಿರದೆ ಇರುತ್ತದೆಯೇ? ಅವರ ಹೊಟ್ಟೆ ನಗುವಿನಿಂದ ಕುಲುಕಿತು, ಊದುವುದು ಮಾತ್ರ ನಿಲ್ಲಿಸಲಿಲ್ಲ. ಡ್ರಮ್ಮಿನವನಿಗೆ ಹುಬ್ಬಿನಲ್ಲೇ ಸನ್ನೆ ಮಾಡಿದರು. ಅವನು ಕೋಲನ್ನು ಡ್ರಮ್ಮಿನ ಅಂಚಿಗೆ ತಗುಲಿಸಿ ಅತ್ತೆಯ ತಾಳದ ಹಿಂದೆ ಹೊರಟ. ಮೂರು ನಿಮಿಷ. ದಟ್ ವಾಸ್ ಆಲ್. ಒಂಬತ್ತು ಜನ ಗಂಡಸರು ಮೂರು ನಿಮಿಷ ನಮ್ಮತ್ತೆಯ ಉಗುರಿಗೆ ಕಾದು ಬಾರಿಸಿದರು.

ಹಾಡು ಮುಗಿಯಿತು. ಅತ್ತೆ ಕಣ್ಣು ತೆರೆದು, ಸೆರಗು ಎಳೆದುಕೊಂಡು, "ನಡಿ ಹೋಗೋಣ" ಅಂದರು. ತಂಬಿಗೆಯ ನೀರು ಮುಕ್ಕಾಲು ಚೆಲ್ಲಿ ಸೀರೆ ಒದ್ದೆಯಾಗಿತ್ತು.

ಪಕ್ಕದ ಕೋಣೆಯಲ್ಲಿ ಬಿಲಿಯರ್ಡ್ಸ್ ಆಡುತ್ತಿದ್ದ ಅಪ್ಪನ ಆಫೀಸಿನವರೊಬ್ಬರು ನೋಡಿದ್ದರು.

ಸೋಮವಾರ ಸಂಜೆ ಅಪ್ಪ ಕೋಟು ಬಿಚ್ಚದೆ ನಡುಮನೆಯಲ್ಲಿ ನಿಂತರು. "ನಿಮ್ಮಕ್ಕ ಬ್ಯಾಂಡ್ ಸೇರಿದ್ದಾರಂತೆ, ಸಂಬಳ ಎಷ್ಟು? ಅಂತ ಕೇಳ್ದ ಅವನು. ಟೀ ತರೋನ ಮುಂದೆ, ಎಲ್ಲರ ಮುಂದೆ." ನನ್ನ ಕಡೆ ತಿರುಗಿದರು. "ಯಾರು ಯಾರನ್ನ ಕರ್ಕೊಂಡು ಹೋದದ್ದು? ನೀನೇ ಆಗಿದ್ರೆ ಆ ಕಾನ್ವೆಂಟು ಕಲಿಸಿದ್ದು ಸಾಕು. ನಾಳೆನೇ ಟಿ.ಸಿ. ತಗೊಂಡು ಬರ್ತೀನಿ."

ಅಪ್ಪ ಕೆಟ್ಟವರಲ್ಲ. ಅವರು ಹೇಳಿದ್ದು ಮಾಡುವವರು, ಅಷ್ಟೆ. ನನ್ನ ಕಣ್ಣ ಮುಂದೆ ನೀಲಿ ಪಿನಾಫೋರು, ಸಿಸ್ಟರು ನನಗೆ ಕೊಡುತ್ತೇನೆ ಅಂದಿದ್ದ ಎಲೊಕ್ಯೂಷನ್ ಕಪ್ಪು, ನಮ್ಮ ಲೈಬ್ರರಿಯ ಆ ಉದ್ದ ಕಿಟಕಿ. ದೇವರ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಅತ್ತೆ ಕರ್ಕೊಂಡು ಹೋದ್ರು" ಅಂದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅತ್ತೆಯ ದನಿ, ನಡುಮನೆ ದಾಟುವಷ್ಟು ಗಟ್ಟಿಯಾಗಿ: "ಹೌದು. ನಾನೇ ಕರ್ಕೊಂಡು ಹೋದದ್ದು. ಮಗುನ ಯಾಕೆ ಕೇಳ್ತಿ?"

ನಾಲ್ಕು ದಿನದಲ್ಲಿ ಅತ್ತೆಯನ್ನು ಕಳಿಸುವ ಏರ್ಪಾಡಾಯಿತು. ಕುಂಭಕೋಣದಲ್ಲಿ ಅಜ್ಜನ ತಮ್ಮನ ಮನೆ. ಅಲ್ಲಿ ಮಠ ಹತ್ತಿರ, ನದಿ ಹತ್ತಿರ, ಮಡಿಗೆ ಅನುಕೂಲ ಅಂತ ಅಮ್ಮ ಕ್ವಾರ್ಟರ್ಸಿನವರಿಗೆಲ್ಲ ಹೇಳಿದರು. ಅಲ್ಲಿ ದೇವರ ಕೋಣೆಯ ಗೋಡೆಯಾಚೆ ದನದ ಕೊಟ್ಟಿಗೆ ಇತ್ತು. ಎರಡನೇ ವರ್ಷ ಮಾಘದಲ್ಲಿ ಒಂದು ಕಾರ್ಡು ಬಂತು. ಅಪ್ಪ ಓದಿ, ಸೂತಕದ ಸ್ನಾನಕ್ಕೆ ನೀರು ಹಾಕಿಕೊಂಡರು. ನಾನು ಅವತ್ತು ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಫಾರಂ ತುಂಬಿ ಬಂದಿದ್ದೆ. ಮುಂದೆ ನಾನು ಕಲಿಸಿದ್ದು, ಓದಿದ್ದು, ಈಗ ಈ ಬರಹದಲ್ಲಿ ನಡುನಡುವೆ ಉದುರುವ ಇಂಗ್ಲಿಷ್ ಚೂರುಗಳು, ಎಲ್ಲ ನಿಂತಿರುವುದು ಆ ಮೂರು ಕನ್ನಡ ಪದದ ಮೇಲೆ.

ಅಂಕಲ್ ಹೊರಡುವ ದಿನ ಆ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು. "ಫಾರ್ ಯುವರ್ ಆಂಟಿ." ಅತ್ತೆಯನ್ನು ಕುಂಭಕೋಣಕ್ಕೆ ಕಳಿಸಿದ್ದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ನಮ್ಮಲ್ಲಿ ಗ್ರಾಮಫೋನಿಲ್ಲ, ಅದು ಸೀರೆಗಳ ಅಡಿಯಲ್ಲಿ ಮನೆಯಿಂದ ಮನೆಗೆ ಬಂತು. ಯಾವುದೋ ಒಂದು ಶಿಫ್ಟಿಂಗಿನಲ್ಲಿ ಟ್ರಂಕು ತೆಗೆದಾಗ ಎರಡು ಹೋಳು. ಬಿರುಕು ತನ್ನ ದಾರಿ ಕೊನೆಯವರೆಗೂ ಹೋಗಿತ್ತು.

ಹೋದ ತಿಂಗಳು ಮೊಮ್ಮಗಳು ಆ ಹೋಳುಗಳನ್ನು ಜೋಡಿಸಿ, ಲೇಬಲ್ ಓದಿ, ಫೋನಿನಲ್ಲಿ ಆ ಹಾಡು ಹುಡುಕಿಯೇಬಿಟ್ಟಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಮಾತ್ರ ತಮಿಳು, ಇಂಗ್ಲಿಷ್. "ಅಜ್ಜಿ, ರೆಡಿಯಾ?" ಅಂದಳು. ತೊಳೆದ ಹಾಗೆ ಸ್ವಚ್ಛವಾಗಿ ಬಂತು. ಕ್ಲಾರಿನೆಟ್ಟಿನವನು ಉಸಿರು ಎಳೆದುಕೊಳ್ಳುವುದೂ ಕೇಳಿತು. ನಾನು ಕಾದೆ. ಬರಲಿಲ್ಲ.

"ಎರಡನೇ ತಾಳ ಇಲ್ಲ" ಅಂದೆ.

"ಅದು ಸ್ಕ್ರಾಚ್ ದಾನೇ ಅಜ್ಜಿ? ವೆಯ್ಟ್, ಅದಕ್ಕೂ ಒಂದು ಆ್ಯಪ್ ಇರುಕ್ಕು." ಏನೋ ಒತ್ತಿದಳು. ಹಾಡಿನ ಮೇಲೆ ಚಟಪಟ ಅಂತ ಸಾಸಿವೆ ಸಿಡಿದ ಹಾಗೆ ಸದ್ದು ಉದುರಿತು, ಎಲ್ಲೆಂದರಲ್ಲಿ, ಲೆಕ್ಕವಿಲ್ಲದೆ. ಯಾವುದೂ ಸಮಕ್ಕೆ ಬಂದು ಕೂಡಲಿಲ್ಲ. ಆಫ್ ಮಾಡು ಕಂದಾ ಅಂದೆ. ಮೇಜಿನ ಅಂಚಿನ ಮೇಲೆ ನನ್ನ ಹೆಬ್ಬೆರಳು ತಾನಾಗಿ ಎದ್ದಿತ್ತು. ನನಗೆ ಅದು ಯಾವತ್ತೂ ಬಂದಿಲ್ಲ. ಎರಡನೆಯದು ಹಿಡಿದರೆ ಮೊದಲನೆಯದು ಬಿಟ್ಟುಹೋಗುತ್ತದೆ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಎಗ್ಮೋರ್ ಸ್ಟೇಷನ್ನಿನಲ್ಲಿ, ಬೆಳಗಿನ ಗಾಡಿಗೆ. ಹೆಂಗಸರ ಡಬ್ಬಿ, ಕಿಟಕಿ ಸೀಟು. ಒಂದು ಬಟ್ಟೆ ಗಂಟು, ಮಡಿಸೀರೆಯ ಪೆಟ್ಟಿಗೆ, ತೊಡೆಯ ಮೇಲೆ ತಾಮ್ರದ ತಂಬಿಗೆ. ಜೊತೆಗೆ ಕುಂಭಕೋಣದಿಂದ ಬಂದಿದ್ದ ಅಜ್ಜಿಯೊಬ್ಬರು ಆಗಲೇ ನಿದ್ದೆ ಹೋಗಿದ್ದರು. ಅಪ್ಪ ಕೂಜಕ್ಕೆ ನೀರು ತರಲು ನಲ್ಲಿಯ ಕಡೆ ಹೋದರು. ನಾನು ಯೂನಿಫಾರ್ಮಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದೆ, ಅಲ್ಲಿಂದ ನೇರ ಸ್ಕೂಲಿಗೆ ಹೋಗುವುದಿತ್ತು.

"ಅತ್ತೆ, ಅಪ್ಪನ ಹತ್ರ ನಾನು…"

"ಅದು ಬಿಡು." ಸರಳಿನ ಹತ್ತಿರ ಮುಖ ತಂದರು. "ನಿನ್ನ ಒಂದು ಕೇಳ್ಬೇಕು. ಆ ಎರಡನೇ ತಾಳ. ಅಲ್ಲಿ ಅದನ್ನ ಬಾರಿಸೋನು ಯಾರೂ ಇರ್ಲಿಲ್ಲ. ನಾನು ಹೊಡ್ದಾಗ ಆ ಡ್ರಮ್ಮಿನ ಹುಡುಗ ಬೆಚ್ಚಿಬಿದ್ದ. ಅದು ಏನದು? ನಿಜ ಹೇಳು."

ನನಗೆ ಬಿರುಕು ಅನ್ನುವ ಪದ ಬಾಯಿಗೆ ಬಂದಿತ್ತು. ಅಪ್ಪನಿಗೆ ಹೇಳಬೇಕಾಗಿದ್ದ ನಿಜ ಹೇಳದವಳು ಈ ನಿಜ ಹೇಳಿ ಏನು ಉಳಿಸಿಕೊಳ್ಳುವುದು?

"ತಾಳಾನೇ ಅತ್ತೆ. ಅವನು… ಅವತ್ತು ಬಂದಿರ್ಲಿಲ್ಲ, ಅಷ್ಟೆ."

ಅತ್ತೆ ನನ್ನನ್ನೇ ನೋಡಿದರು. ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು.

"ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೆ" ಅಂದರು. "ಅಪ್ಪನ ಹತ್ರ ಹೇಳಿದ್ದೂ ಸರಿಯಾಗಿ ಹೇಳ್ಲಿಲ್ಲ. ನಾನು ಎತ್ಕೊಂಡೆ, ನಡೀತು. ಓದ್ಕೋ ಹೋಗು."

ಅಪ್ಪ ಕೂಜ ತಂದುಕೊಟ್ಟರು. ಗಾರ್ಡು ಹಸಿರು ಬೀಸಿದ. ಗಾಡಿ ಒಮ್ಮೆ ಜಗ್ಗಿ ಕದಲಿತು. ಪ್ಲ್ಯಾಟ್‌ಫಾರ್ಮಿನಲ್ಲಿ ಎಲ್ಲರೂ ಆ ಕ್ಷಣಕ್ಕೇ ಕೈ ಎತ್ತಿದರು, ಎಲ್ಲ ಕಿಟಕಿಯಿಂದಲೂ ಕೈಗಳು ಬಂದವು. ಅತ್ತೆಯ ಕಿಟಕಿಯಿಂದ ಬರಲಿಲ್ಲ. ನಾನು ಗಾಡಿಯ ಜೊತೆ ನಾಲ್ಕು ಹೆಜ್ಜೆ ಹಾಕಿದೆ. ಹಳಿಯ ಸಂದಿನಲ್ಲಿ ಚಕ್ರ ಟಕ್ ಅಂದಿತು. ಕಿಟಕಿ ಖಾಲಿಯೇ ಇತ್ತು. ಇನ್ನೊಂದು ಟಕ್. ಆಮೇಲೆ, ಒಂದು ಚೂರು ಬಿಟ್ಟು, ಸರಳುಗಳ ನಡುವಿನಿಂದ ಅವರ ಕೈ ಹೊರಗೆ ಬಂತು.